ಮನೆಗೆ ಮದ್ದು ಹೊಡೆದದ್ದು

ಮನೆ ಕಟ್ಟುವುದು ಕಷ್ಟ, ಬಣ್ಣ ಹೊಡೆಯುವುದು ಸುಲಭ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆ ಕಾಲ ಒಟ್ಟು ಎರಡು ದಿನ ಬಾಳಿತು.

ತಮಿಳು ಬೆರೆತ ಕನ್ನಡ ಮಾತಾಡುವ, ತಮಿಳುನಾಡಿನ ನಮ್ಮ ಓಡೈಪಟ್ಟಿಗೆ ಕೇಬಲ್ ಟಿವಿ ಬಂದ ಹೊಸತು. ರಸ್ತೆ ಪಕ್ಕದಲ್ಲಿ ನಮ್ಮ ಹೊಸ ಮನೆಯ ಗಾರೆ ಕೆಲಸ ಮುಗಿದು, ಒಳಗೂ ಹೊರಗೂ ಸಿಮೆಂಟು ಬೂದಿ ಬಣ್ಣದಲ್ಲಿ ನಿಂತಿತ್ತು. ಹಾಲು ಕಾಯಿಸುವ ಗೃಹಪ್ರವೇಶದ ಮುಹೂರ್ತಕ್ಕೆ ಇನ್ನು ಆರೇ ದಿನ. ಉಳಿದದ್ದು ಬಣ್ಣ ಮಾತ್ರ.

ನನ್ನ ಹೆಂಡತಿ ನಾಗಮ್ಮ ಆ ಮನೆಯ ವಿಷಯದಲ್ಲಿ ಬಾಯಿಬಿಟ್ಟು ಏನೂ ಕೇಳಿದವಳಲ್ಲ. ಬಾಗಿಲು ಯಾವ ಮರದ್ದು, ಅಡುಗೆಮನೆ ಎತ್ತ ಮುಖ, ಎಲ್ಲವನ್ನೂ ನಾನೇ ತೀರ್ಮಾನಿಸಿದ್ದೆ. ಹಳೆಯ ಮನೆಯ ಹೊಗೆ ಹಿಡಿದ ಗೋಡೆಗಳ ನಡುವೆ ಹದಿನೆಂಟು ವರ್ಷ ಬಾಳಿದ ಅವಳು ಅಂದು ಪೆಟ್ಟಿಗೆಯಿಂದ ಕರವಸ್ತ್ರದಷ್ಟು ಅಗಲದ ಒಂದು ಬಟ್ಟೆ ತೆಗೆದಳು. ಎಳೆಬಿಸಿಲಿನಂಥ ಹಳದಿ. ತೀರಿಹೋದ ಅವಳ ಅವ್ವನ ಸೀರೆಯಲ್ಲಿ ಉಳಿದಿದ್ದ ತುಂಡು ಅದು. ನಾಲ್ಕೂ ಅಂಚು ಮಡಿಚಿ ತಾನೇ ಹೊಲಿದು ಇಟ್ಟುಕೊಂಡಿದ್ದಳು.

"ಎನ್ನಂಗ, ಮನೆಯೆಲ್ಲಾ ನಿಮ್ಮಿಷ್ಟ. ಹಾಲ್‌ಗೆ ಮಾತ್ರ ಈ ಬಣ್ಣ ಬೇಕು. ತೇನಿಗೆ ಹೋಗಿ ಇದುನ್ನ ತೋರ್ಸಿ ವಾಂಗಿಕೊಂಡು ಬಾರಿ."

"ಇಷ್ಟೇ ತಾನೆ!" ಎಂದೆ. ಬಟ್ಟೆಯನ್ನು ಅಂಗಿಯ ಜೇಬಿಗೆ ಇಳಿಸಿದೆ.

"ಕಳ್ದು ಹಾಕ್‌ಬುಡಬ್ಯಾಡಿ."

"ನಾನು ಕಳೆಯೋನಾ?" ಎಂದು ಕೇಳಿದೆ. ಅವಳು ನನ್ನ ಜೇಬನ್ನು ಒಮ್ಮೆ ನೋಡಿ ಪೆಟ್ಟಿಗೆ ಮುಚ್ಚಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕಾಗುವುದಿಲ್ಲ.

ತೇನಿ ಹೊಸದಾಗಿ ಜಿಲ್ಲಾ ಕೇಂದ್ರವಾಗಿತ್ತು. ಹಾಗಾಗಿ ಬಣ್ಣದಂಗಡಿಯವನಿಗೂ ಕಲೆಕ್ಟರ್ ಗತ್ತು ಬಂದಿತ್ತು. ನಾನು "ಹಳದಿ ಬೇಕು" ಎಂದ ತಕ್ಷಣ ಅವನು ಒಂದು ಉದ್ದನೆಯ ಕಾರ್ಡು ಬಿಚ್ಚಿ ಮೇಜಿನ ಮೇಲೆ ಹರಡಿದ. ಅದರಲ್ಲಿ ಹಳದಿಯೇ ಇಪ್ಪತ್ತೋ ಮೂವತ್ತೋ ಇದ್ದವು! ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಕಂಡವು. ಒಳಗೋಡೆಗೋ ಹೊರಗೋಡೆಗೋ, ಡಿಸ್ಟೆಂಪರೋ ಎಮಲ್ಷನ್ನೋ, ಹೊಳೆಯಬೇಕೋ ಬೇಡವೋ ಎಂದು ಅವನು ಕೇಳುತ್ತಾ ಹೋದ. ನನ್ನ ಹಿಂದೆ ನಾಲ್ಕು ಜನ ನಿಂತು ನನ್ನ ಉತ್ತರಕ್ಕಾಗಿ ಕಾಯುತ್ತಿದ್ದರು. ಪರೀಕ್ಷೆಯಲ್ಲಿ ಏನೂ ಬಾರದವನು ಮಾಡುವುದನ್ನೇ ನಾನೂ ಮಾಡಿದೆ. ನೀರು ಕುಡಿದು ಬರುತ್ತೇನೆಂದು ಹೊರಗೆ ಬಂದವನು ನೇರವಾಗಿ ಬಸ್ಸು ಹತ್ತಿದೆ. ಜೇಬಿನಲ್ಲಿದ್ದ ಬಟ್ಟೆಯನ್ನು ತೋರಿಸುವುದು ನೆನಪಾದದ್ದು ಬಸ್ಸು ಚಿನ್ನಮನೂರು ದಾಟಿದ ಮೇಲೆ.

ಆಗಲೇ ಕಿಟಕಿಯ ಹೊರಗೆ ನನಗೆ ಜ್ಞಾನೋದಯವಾಯಿತು.

ಎರಡೂ ಕಡೆ ದ್ರಾಕ್ಷಿ ಚಪ್ಪರಗಳು. ಕಲ್ಲುಕಂಬ, ತಂತಿ, ಎಲೆ, ಡ್ರಮ್ಮು, ಬಾವಿಯ ಮೋಟಾರ್ ರೂಮು, ಎಲ್ಲಕ್ಕೂ ಒಂದೇ ತಂಪಾದ ನೀಲಿ. ನಮ್ಮ ಕಣಿವೆಯಲ್ಲಿ ದ್ರಾಕ್ಷಿಗೆ ಬೂಷ್ಟು ಹಿಡಿಯದಿರಲೆಂದು ತುರುಸು, ಅಂದರೆ ಮೈಲುತುತ್ತವನ್ನು, ಸುಣ್ಣದ ಜೊತೆ ಕಲಸಿ ಹೊಡೆಯುತ್ತೇವೆ. ಆ ಮದ್ದು ತಾಕಿದ್ದೆಲ್ಲ ನೀಲಿ. ಇಪ್ಪತ್ತು ವರ್ಷದಿಂದ ಅದನ್ನು ಕಲಸುತ್ತಿರುವವನು ನಾನು! ಮನೆಯಲ್ಲಿ ಸುಣ್ಣವಿದೆ, ಈ ಹಂಗಾಮಿಗೆ ತಂದಿಟ್ಟ ತುರುಸು ಮೂಟೆ ಇದೆ, ಪವರ್ ಸ್ಪ್ರೇಯರ್ ಇದೆ. ಪೆಯಿಂಟರ್ ಚೆಲ್ಲಯ್ಯಣ್ಣ ಬ್ರಷ್ಷು ಹಿಡಿದು ಮೂರು ದಿನ ಮಾಡುವುದನ್ನು ನಾನು ಒಂದು ಬೆಳಗಿನಲ್ಲಿ ಮುಗಿಸಬಲ್ಲೆ. ಹೊರಗೆಲ್ಲ ಆಕಾಶ ನೀಲಿ. ಒಳಗೆ ಹಾಲ್‌ಗೆ ಅವಳ ಹಳದಿಯನ್ನು ಚೆಲ್ಲಯ್ಯಣ್ಣ ಆಮೇಲೆ ಹೊಡೆಯಲಿ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮರುದಿನ ನಾಗಮ್ಮ ಆಮಂತ್ರಣ ಪತ್ರಿಕೆ ಕೊಡಲು ಕಂಬಂನ ತವರಿಗೆ ಹೊರಟಳು. ಬರುವುದು ಅದರ ಮಾರನೆಯ ಬೆಳಿಗ್ಗೆ. ನಾನು ಅದೇ ಅಂಗಿಯಲ್ಲಿ ಕೆಲಸಕ್ಕೆ ಇಳಿದೆ.

ಕಲಸಿದೆ. ಮುಂದಿನ ಗೋಡೆಗೆ ಹೊಡೆದೆ. ಬಣ್ಣವೇ ಕಾಣಲಿಲ್ಲ. ಸಿಮೆಂಟು ಒದ್ದೆಯಾದ ಹಾಗೆ ಕಂಡಿತಷ್ಟೆ. ತುರುಸು ಸಾಲದು ಎಂದು ಇನ್ನೊಂದಿಷ್ಟು ಸುರಿದೆ. ಮತ್ತೆ ಹೊಡೆದೆ. ಮತ್ತೆ ಅಷ್ಟೇ. ಮತ್ತೆ ಸುರಿದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಹಂಗಾಮಿನ ತುರುಸು ಡ್ರಮ್ಮಿನೊಳಗಿತ್ತು.

ಅಷ್ಟರಲ್ಲಿ ಸುಣ್ಣದ ಹರಳು ಸಿಕ್ಕಿಕೊಂಡು ನಾಜಲ್ ಕಟ್ಟಿತು. ತೋಟದಲ್ಲಾದರೆ ಹರಳು ಸೋಸಲು ಮದ್ದು ಎಳೆಯುವ ಪೈಪಿನ ಬಾಯಿಗೆ ಬಟ್ಟೆ ಕಟ್ಟುತ್ತೇವೆ. ಬಟ್ಟೆಗಾಗಿ ಅತ್ತಿತ್ತ ನೋಡಿದೆ. ಇರಲಿಲ್ಲ. ಜೇಬಿಗೆ ಕೈ ಹಾಕಿದೆ. ಮೆತ್ತಗೆ ಏನೋ ಸಿಕ್ಕಿತು. ನೋಡದೆಯೇ ಪೈಪಿಗೆ ಬಿಗಿದು ಡ್ರಮ್ಮಿನಲ್ಲಿ ಮುಳುಗಿಸಿದೆ!

ಓದುತ್ತಿರುವ ತಾವು ಈಗಲೇ ಹಣೆ ಚಚ್ಚಿಕೊಂಡಿರಬಹುದು. ನಾನು ಚಚ್ಚಿಕೊಂಡದ್ದು ಮರುದಿನ.

ಹೊರಗಿನ ನಾಲ್ಕು ಗೋಡೆ ಮುಗಿದಾಗ ಡ್ರಮ್ಮಿನಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ಚೆಲ್ಲುವುದೇ? ದ್ರಾಕ್ಷಿ ಬೆಳೆಯುವವನಿಗೆ ಮದ್ದು ಚೆಲ್ಲಲು ಮನಸ್ಸು ಬರುವುದಿಲ್ಲ. ಹಳದಿಯ ಅಡಿಗೆ ಒಂದು ಕೈ ಇರಲಿ ಎಂದು ಹಾಲ್‌ಗೂ ಹೊಡೆದೆ. ಕಿಟಕಿಗಳಿಗೆ ಆಗಿನ್ನೂ ಕಂಬಿ ಮಾತ್ರ ಕೂರಿಸಿತ್ತು. ಗಾಳಿ ಪಶ್ಚಿಮದಿಂದ ಜೋರಾಗಿ ಬೀಸಿತು. ಪಕ್ಕದ ಮನೆಯ ಕೆಂಚಪ್ಪ ಮಾಮನ ಮೂರು ಬಿಳಿ ವೇಷ್ಟಿಗಳು, ಅಂದರೆ ಪಂಚೆಗಳು, ಹಗ್ಗದ ಮೇಲೆ ಒಣಗುತ್ತಿದ್ದುದನ್ನು ನಾನು ನೋಡಿದ್ದೆ. ಗಾಳಿಯೂ ನೋಡಿತ್ತು.

ಮಾರನೆಯ ಬೆಳಿಗ್ಗೆ ಹೊಸ ಮನೆಯ ಹತ್ತಿರ ಬಂದವನು ರಸ್ತೆಯಲ್ಲೇ ನಿಂತೆ.

ಒಣಗಿದ ಗೋಡೆಗಳಲ್ಲಿ ಬಣ್ಣ ಎದ್ದಿತ್ತು. ಅದಕ್ಕೆ ಆಕಾಶ ನೀಲಿ ಎಂದರೆ ಆಕಾಶ ಒಪ್ಪುವುದಿಲ್ಲ. ಬಿಸಿಲಿಗೆ ಕಣ್ಣು ಚುಚ್ಚುವ ನೀಲಿ, ಅಲ್ಲಲ್ಲಿ ಧಾರೆ ಇಳಿದ ಹಸಿರು, ಮೂಲೆಗಳಲ್ಲಿ ಬಿಳಿ ಪುಡಿ. ಇಂಥದೇ ಕಟ್ಟಡಗಳನ್ನು ನಾನು ದಿನವೂ ನೋಡುತ್ತಿದ್ದೆ, ಅವುಗಳ ಒಳಗೆ ಮೋಟಾರ್ ಇರುತ್ತಿತ್ತು. ಇನ್ನೂ ವಿಚಿತ್ರವೆಂದರೆ ಒಂಬತ್ತು ಕಿಟಕಿಗಳ ಕಂಬಿಗಳೂ ಕೆಂಪಗಾಗಿದ್ದವು.

ಚೆಲ್ಲಯ್ಯಣ್ಣ ಆಗಲೇ ಬ್ರಷ್ಷು ಹಿಡಿದು ಜಗಲಿಯಲ್ಲಿ ಕೂತಿದ್ದರು. ಅವರು ತಮಿಳರು, ನಮ್ಮೂರಲ್ಲಿ ನಲವತ್ತು ವರ್ಷ ಸುಣ್ಣ ಹೊಡೆದು ನಮ್ಮ ಮಾತು ಕಲಿತವರು.

"ತಂಬಿ, ಒಣಗೋ ತನ್ಕ ಯಾಕೆ ಕಾಯ್ಲಿಲ್ಲ? ಸುಣ್ಣದ ಬಣ್ಣ ಒಣಗಿದ ಮೇಲೆ ತಾನೆ ಏಳೋದು?"

"ಗೊತ್ತಿರಲಿಲ್ಲ ಅಣ್ಣಾ."

"ಸೆರಿ. ಕತ್ತಿ ಅದ್ದಿ ನೋಡಿದ್ಯಾ?"

ನಾನು ತಲೆ ತಗ್ಗಿಸಿದೆ. ತುರುಸು ಕಲಸಿದ ಪ್ರತಿಯೊಬ್ಬ ರೈತನೂ ಹೊಡೆಯುವ ಮುಂಚೆ ಕತ್ತಿಯ ತುದಿ ಅದ್ದಿ ನೋಡುತ್ತಾನೆ. ಕಬ್ಬಿಣ ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಊರಿನ ಎಳೆಯರಿಗೆ ಇದನ್ನು ಹೇಳಿಕೊಟ್ಟವನೇ ನಾನು.

"ಪರವಾಯಿಲ್ಲೆ," ಎಂದರು ಚೆಲ್ಲಯ್ಯಣ್ಣ, ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಾ. "ಒಂದು ಕತ್ತಿಗೆ ಬದ್ಲು ಒಂಬತ್ತು ಜನ್ನಲು ಅದ್ದಿ ನೋಡ್‌ಬುಟ್ಟೆ. ಸುಣ್ಣ ಸಾಲ್ದು ಅಂತ ಒಂಬತ್ತೂ ಹೇಳ್ತಾವೆ!"

ಅಷ್ಟರಲ್ಲಿ ಕೆಂಚಪ್ಪ ಮಾಮ ವೇಷ್ಟಿಯೊಂದನ್ನು ಎರಡು ಕೈಯಲ್ಲಿ ಹರಡಿಕೊಂಡು ಬಂದರು. "ಮಾಪ್ಳೆ, ನನ್ಗೂ ಬೂಷ್ಟು ಹಿಡ್ದೈತೆ ಅಂತ ಯಾರು ಹೇಳಿದ್ದು ನಿಂಗೆ?"

ನಾನು ಕ್ಷಮೆ ಕೇಳುತ್ತಿರುವಾಗಲೇ ನಾಗಮ್ಮ ಕಂಬಂ ಬಸ್ಸಿನಿಂದ ಇಳಿದು ಬಂದಳು. ಗೋಡೆ ನೋಡಿದಳು. ಕಿಟಕಿ ನೋಡಿದಳು. ಮೆಲ್ಲಗೆ ಹೇಳಿದಳು:

"ಬಸ್ಸಲ್ಲಿ ಒಬ್ಬಮ್ಮ, 'ಯಾರೋ ಮೋಟಾರ್ ರೂಮು ಎಷ್ಟು ದೊಡ್ದು ಕಟ್ಟವ್ರೆ ನೋಡು' ಅಂದ್ಳು. 'ಹೂಂ, ಬಾವಿ ದೊಡ್ದಿರ್ಬೇಕು' ಅಂದೆ ನಾನೂ."

ಅವಳು ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಒಳಗೆ ಹೋದಳು. ಹಾಲ್ ನೋಡಿದಳು. ಹೊರಗೆ ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ.

"ಎನ್ನಂಗ, ನನ್ ಬಟ್ಟೆ ಎಲ್ಲಿ?"

ನಾನು ಜೇಬು ತಟ್ಟಿದೆ. ಆಗ ನೆನಪಾಯಿತು. ಡ್ರಮ್ಮಿನ ಕಡೆಗೆ ಓಡಿದೆ. ಪೈಪಿನ ಬಾಯಿಗೆ ಬಿಗಿದಿದ್ದ ಬಟ್ಟೆಯನ್ನು ಬಿಚ್ಚಿ ತಂದು ಅವಳ ಕೈಗಿಟ್ಟೆ. ಹಳದಿಯ ಸುಳಿವೂ ಇರಲಿಲ್ಲ. ಅಪ್ಪಟ ನೀಲಿ.

ಅವಳು ಮೆಟ್ಟಿಲ ಮೇಲೆ ಕೂತಳು. ಬಟ್ಟೆಯನ್ನು ತೊಡೆಯ ಮೇಲೆ ಹರಡಿ ಸುಕ್ಕು ತೆಗೆಯುತ್ತಾ, "ಅವ್ವನ್ದು ಅಂತ ಇದ್ದಿದ್ದು ಇಷ್ಟೇ ತಾನೆ," ಎಂದಳು. ಅವಳ ಕಣ್ಣು ತುಂಬಿತ್ತು.

ಇಲ್ಲಿಯವರೆಗೆ ನನ್ನ ಕಥೆಯನ್ನು ನಗುತ್ತಾ ಹೇಳಿದ್ದೇನೆ. ಆ ಕ್ಷಣದಲ್ಲಿ ನನಗೆ ನಗು ಬಂದಿರಲಿಲ್ಲ. ಇಡೀ ಮನೆಯನ್ನು ನನ್ನ ಇಷ್ಟಕ್ಕೆ ಕಟ್ಟಿದ ನನಗೆ, ಅವಳು ಕೇಳಿದ ಒಂದೇ ಒಂದನ್ನು ಜೇಬಿನಲ್ಲಿಟ್ಟುಕೊಂಡು ಕಾಪಾಡಲು ಆಗಲಿಲ್ಲ. ನಾಚಿಕೆಯಿಂದ ನಾನು ಕೆಂಚಪ್ಪ ಮಾಮನ ಹಿಂದೆ ನಿಂತುಕೊಂಡೆ. ಮಾಮ ತಮ್ಮ ವೇಷ್ಟಿಯನ್ನು ಮೆಲ್ಲಗೆ ಮಡಿಚಿ ಕಂಕುಳಲ್ಲಿಟ್ಟುಕೊಂಡರು.

ಚೆಲ್ಲಯ್ಯಣ್ಣ ಮಾತ್ರ ಎದ್ದು ಬಂದು, ನಾಗಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹೊಸಕಿ ನೋಡಿದರು.

"ಅಮ್ಮಾ, ಇದ್ರ ಅಂಚು ನೀನೇ ಹೊಲ್ದಿದ್ದಾ?"

"ಹೂಂ. ಬಿಗಿಯಾಗಿ ಮೂರು ಮಡಿಕೆ ಮಡಿಚಿ ಹೊಲ್ದೆ."

"ಸೂಜಿ ಕೊಡು."

ಒಂದೊಂದೇ ಹೊಲಿಗೆ ಬಿಚ್ಚಿದರು. ಮಡಿಕೆಯ ಒಳಗೆ, ಮದ್ದು ಹೋಗದ ಜಾಗದಲ್ಲಿ, ಅಕ್ಕಿಕಾಳಿನಷ್ಟು ಅಗಲ ಹಳದಿ ಉಳಿದಿತ್ತು! ಅವಳ ಕೈಯ ಹಳೆಯ ಹೊಲಿಗೆ ನನ್ನ ಪವರ್ ಸ್ಪ್ರೇಯರನ್ನು ಗೆದ್ದಿತ್ತು.

"ಇಷ್ಟು ಸಾಕು ನಂಗೆ," ಎಂದರು ಚೆಲ್ಲಯ್ಯಣ್ಣ. "ಹೊರ್ಗಡೆ ಕೆರ್ದು ತೆಗ್ಯೋಕೆ ಈಗ ಟೈಮಿಲ್ಲ. ಹಾಲು ಕಾಯಿಸೋ ಒಳ್ಗೆ ಹಾಲ್ ಒಂದು ಮಾಡ್ಕೊಡ್ತೀನಿ. ಆದ್ರೆ ಒಂದು ಕಂಡೀಷನ್. ತಂಬಿ ಯಾವ್ದನ್ನೂ ಮುಟ್ಟಬಾರ್ದು."

ನಾನು ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಅವರು ನೀಲಿಯನ್ನು ಕೆರೆದರು, ಬಿಳಿ ಸುಣ್ಣ ಹೊಡೆದರು, ತೆಂಗಿನ ಚಿಪ್ಪಿನಲ್ಲಿ ಹಳದಿ ಮಣ್ಣಿನ ಪುಡಿ ಕಲಸಿ ಗೋಡೆಯ ಮೂಲೆಗೆ ಬೆರಳಗಲ ಬಳಿದರು. ಆಮೇಲೆ ಬೀಡಿ ಹಚ್ಚಿ ಸುಮ್ಮನೆ ಕಾದರು. ಒಣಗಿದ ಮೇಲೆ ನೋಡಿ, ತಲೆಯಾಡಿಸಿ, ಬೇರೆ ಕಲಸಿದರು. ಹೀಗೆ ಏಳು ಸಲ. ಪ್ರತಿ ಸಲವೂ ಕಾದರು. ಬಣ್ಣ ಹೊಡೆಯುವ ಕೆಲಸದಲ್ಲಿ ಮುಖ್ಯವಾದದ್ದು ಬೀಡಿ ಎಂದು ನನಗೆ ಆಗ ಅರ್ಥವಾಯಿತು.

ಎಂಟನೆಯ ಸಲ ನಾಗಮ್ಮ ಆ ಬಿಚ್ಚಿದ ಅಂಚನ್ನು ಗೋಡೆಗೆ ಒತ್ತಿ ಹಿಡಿದಳು. ಹಳದಿ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತೆಂದು ಗೊತ್ತಾಗಲಿಲ್ಲ.

"ಅವ್ವ ಬಂದು ನಿಂತಂಗೈತೆ," ಎಂದಳು.

ಮುಹೂರ್ತದ ದಿನ ಹಾಲು ಹಳದಿ ಹಾಲ್‌ನಲ್ಲಿ ಚೆನ್ನಾಗಿ ಉಕ್ಕಿತು. ನೆಂಟರಲ್ಲಿ ಅರ್ಧ ಜನ ತಡವಾಗಿ ಬಂದರು. ಮನೆಯನ್ನು ಮೋಟಾರ್ ರೂಮೆಂದು ದಾಟಿಹೋಗಿ ವಾಪಸು ಬಂದಿದ್ದರು. ಕೆಂಚಪ್ಪ ಮಾಮ ತಿಳಿನೀಲಿ ವೇಷ್ಟಿ ಉಟ್ಟು ಗೋಡೆಗೆ ಒರಗಿ ನಿಂತಿದ್ದರು. ವೇಷ್ಟಿ ಯಾವುದು, ಗೋಡೆ ಯಾವುದು ಎಂದು ದೂರದಿಂದ ತಿಳಿಯುತ್ತಿರಲಿಲ್ಲ. ಕಂಬಂನಿಂದ ಬಂದ ಹೆಂಗಸರು ಒಳಗೆ ಸುತ್ತಲೂ ನೋಡಿ, "ಎಂಥಾ ಬಣ್ಣ! ಯಾರು ಆರ್ಸಿದ್ದು?" ಎಂದು ಕೇಳಿದರು. ತೇನಿಗೆ ಹೋಗಿ ಬಂದವನು ನಾನು ತಾನೆ ಎಂಬ ನೆಪದಲ್ಲಿ ನಾನು ಒಂದು ಹೆಜ್ಜೆ ಮುಂದೆ ಬಂದೆ.

ನಾಗಮ್ಮ ಸೊಂಟದಿಂದ ಆ ನೀಲಿ ಬಟ್ಟೆ ತೆಗೆದಳು.

"ಒಳಗಿಂದು ನಾನು ಆರ್ಸಿದ್ದು. ಹೊರಗಿಂದು ಅವ್ರು. ಇಬ್ರೂ ಒಂದೇ ಬಟ್ಟೆ ನೋಡ್ಕೊಂಡು ತಾನೆ ಹೊಡ್ಸಿದ್ದು!" ಎಂದವಳೇ ಹೊಸಿಲು ದಾಟಿ, ಬಟ್ಟೆಯನ್ನು ಹೊರಗೋಡೆಗೆ ಹಿಡಿದು ತೋರಿಸಿದಳು. "ನೋಡಿ, ಕೂದ್ಲಷ್ಟೂ ವ್ಯತ್ಯಾಸ ಇಲ್ಲ. ಹೇಳಿದ್ದನ್ನ ಮಾಡವ್ರೆ ಪಾಪ."

ಬಂದವರೆಲ್ಲ ನಕ್ಕರು. ಚೆಲ್ಲಯ್ಯಣ್ಣನಿಗೆ ಬೀಡಿ ಹೊಗೆ ನೆತ್ತಿಗೇರಿತು. ಬಹಳ ದಿನಗಳ ಮೇಲೆ ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕದ್ದನ್ನು ನೋಡಿ ನನ್ನ ಎದೆ ಹಗುರಾಯಿತು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ಆ ವರ್ಷ ಮಳೆ ಹಿಡಿದಾಗ ತೋಟದ ಎಲೆಗೆಲ್ಲ ಬೂಷ್ಟು ಬಂತು. ಮೂಟೆಯಲ್ಲಿ ಹೊಡೆಯಲು ತುರುಸು ಇರಲಿಲ್ಲ. ಮನೆಗೆ ಮಾತ್ರ ಯಾವ ಮೂಲೆಯಲ್ಲೂ ಬೂಷ್ಟು ಬರಲಿಲ್ಲ. ಮದ್ದಿನಲ್ಲಿ ಯಾವ ದೋಷವೂ ಇರಲಿಲ್ಲವೆಂದು ನಾನು ನಾಲ್ಕು ಜನರ ಮುಂದೆ ಹೇಳಿದೆ. ಯಾರೂ ಅಲ್ಲವೆನ್ನಲಿಲ್ಲ.

ಈಗಲೂ ಮನೆಗೆ ಏನಾದರೂ ಕೊಳ್ಳುವಾಗ, ಪರದೆಯೋ ಚಾಪೆಯೋ, ನಾನು ಗಂಟಲು ಸರಿಮಾಡಿಕೊಂಡು "ನನ್ನ ಅಭಿಪ್ರಾಯದಲ್ಲಿ..." ಎಂದು ಶುರುಮಾಡುತ್ತೇನೆ. ನಾಗಮ್ಮ ಪೆಟ್ಟಿಗೆಯಿಂದ ಆ ನೀಲಿ ಬಟ್ಟೆಯನ್ನು ತೆಗೆದು, ಮುಖ ಒರೆಸಿಕೊಳ್ಳಿ ಎಂಬಂತೆ ನನ್ನ ಕೈಗೆ ಕೊಡುತ್ತಾಳೆ. ನಾನು ಒರೆಸಿಕೊಂಡು ಸುಮ್ಮನಾಗುತ್ತೇನೆ.