ಸೈಕಲ್ಲಿಗೆ ಸಮುದ್ರದ ನೀರು ಕುಡಿಸಿದ್ದು

ನಲವತ್ತೈದು ದಾಟಿದ ಗಂಡಸರಿಗೆ ಒಂದು ಹೊಸ ಚಟ ಅಂಟಿಕೊಳ್ಳುತ್ತದೆ, ಹೆತ್ತವರಿಗೆ ಬುದ್ಧಿ ಹೇಳುವ ಚಟ. ಮಕ್ಕಳು ಅಷ್ಟು ಹೊತ್ತಿಗೆ ನಮ್ಮ ಮಾತು ಕೇಳುವುದನ್ನು ಬಿಟ್ಟಿರುತ್ತಾರೆ. ಹೆಂಡತಿ ಮೊದಲಿನಿಂದಲೂ ಕೇಳಿರುವುದಿಲ್ಲ. ಉಳಿಯುವವರು ಅಪ್ಪ, ಅಮ್ಮ. ನನಗೆ ಅವ್ವ ಇಲ್ಲ. ಹೀಗಾಗಿ ಅವಳ ಪಾಲಿನ ಬುದ್ಧಿಮಾತೂ ಅಪ್ಪನಿಗೇ ಸೇರುತ್ತದೆ. ಅವರು ಎದುರಾಡುವುದಿಲ್ಲ. "ಆಯ್ತಪ್ಪ" ಅನ್ನುತ್ತಾರೆ. ಆ "ಆಯ್ತಪ್ಪ"ದಲ್ಲಿ ಎಷ್ಟು ಸಿಟ್ಟಿದೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಅಪ್ಪ ಕಮಲಾಪುರದ ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದವರು. ಔಷಧದ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳನ್ನೆಲ್ಲ ತುಳಿದವರು. ನಿವೃತ್ತಿಯಾದ ಮೇಲೂ ಆ ಸೈಕಲ್ ಬಿಡಲಿಲ್ಲ. ಎತ್ತಿಗೆ ಹೊಟ್ಟೆಯುಬ್ಬರ ಎಂದು ಯಾರಾದರೂ ಹೇಳಿಕಳಿಸಿದರೆ ಹೊರಟೇಬಿಡುತ್ತಿದ್ದರು. ಹೋದ ವರ್ಷ ಮಹಾಗಾಂವ ದಾರಿಯಲ್ಲಿ ಒಂದು ಟೆಂಪೋ ಹಿಂದಿನಿಂದ ಹಾರ್ನ್ ಹೊಡೆಯಿತು. ಅಪ್ಪ ಸೈಕಲ್ ಸಮೇತ ತೊಗರಿ ಹೊಲಕ್ಕೆ ಬಿದ್ದರು. ಮುಂಗೈ ಬಾತಿತ್ತು, ಅಷ್ಟೇ. ಆದರೆ ನನಗೆ ಬುದ್ಧಿ ಹೇಳಲು ಅಷ್ಟು ಸಾಕಾಗಿತ್ತು. ಸೈಕಲ್ಲನ್ನು ಬಿಚ್ಚಿ ಕಮಲಾಪುರದ ಮನೆಯ ಅಟ್ಟಕ್ಕೆ ಏರಿಸಿದೆ. ಅಪ್ಪನನ್ನು ಕಲಬುರಗಿಗೆ ಕರೆತಂದು, ಕುಸನೂರಿನ ನಮ್ಮ ಮನೆಯ ವರಾಂಡದಲ್ಲಿ ಒಂದು ಒಳ್ಳೆಯ ಕುರ್ಚಿಯ ಮೇಲೆ ಕೂಡಿಸಿದೆ. ಬಂದವರೆಲ್ಲ ನನ್ನನ್ನು ಹೊಗಳುವವರೇ. ಅಪ್ಪ ಮಾತ್ರ ಬೀದಿಯಲ್ಲಿ ಹೋಗುವ ಸೈಕಲ್ಲುಗಳನ್ನು, ಮಠದ ಊಟಕ್ಕೆ ತಮಗೊಬ್ಬರಿಗೇ ಕರೆ ಬಾರದವರಂತೆ ನೋಡುತ್ತ ಕೂತಿರುತ್ತಿದ್ದರು.

ಈ ರಜೆಯಲ್ಲಿ ಒಂಬತ್ತನೇ ಕ್ಲಾಸಿನ ಮಗಳು ಅಕ್ಷತಾ, ಸಮುದ್ರದ ದಂಡೆಗುಂಟ ಸೈಕಲ್ ಹೊಡೆಯುವ ದಾರಿಯೊಂದಿದೆ, ಅಲ್ಲಿಗೇ ಹೋಗಬೇಕು ಎಂದು ಹಟ ಹಿಡಿದಳು. ನನ್ನ ಹೆಂಡತಿ ಮಹಾದೇವಿ ಬಟ್ಟೆಗಿಂತ ಮೊದಲು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಸಮುದ್ರದ ಕಡೆ ಮೀನು ಬಿಟ್ಟರೆ ಏನೂ ಸಿಗುವುದಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರಂತೆ. ಎರಡು ಗಾಡಿ ಬದಲಿಸಿ ಕರಾವಳಿ ಮುಟ್ಟಿದೆವು. ಬಾಡಿಗೆ ಅಂಗಡಿಯಲ್ಲಿ ಅಪ್ಪ ಒಂದು ಸೈಕಲ್ಲಿನ ಬ್ರೇಕು ಹಿಡಿದು ನೋಡಿದರು, ಟೈರು ಒತ್ತಿ ನೋಡಿದರು. "ನೀ ಹಿಂದ ಕುಂದ್ರಪ್ಪ, ಬಿದ್ದಿ ಅಂದ್ರ ಮತ್ತ ಫಜೀತಿ" ಅಂದೆ. "ಆಯ್ತಪ್ಪ" ಅಂದರು. ಮೂರೇ ಸೈಕಲ್ ತೆಗೆದುಕೊಂಡೆವು. ಅಪ್ಪ ರೊಟ್ಟಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕ್ಯಾರಿಯರಿನ ಮೇಲೆ ಕೂತರು. ಗಾಳಿ ಎದುರಿಗೆ. ಅರ್ಧ ದಾರಿಗೆ ನನ್ನ ಏದುಸಿರು ಅಲೆಯ ಸದ್ದನ್ನು ಮೀರಿಸಿತ್ತು.

ದಾರಿ ಮುಗಿಯುವಲ್ಲಿ ಗಾಳಿಮರಗಳ ನೆರಳಿತ್ತು. ಸೈಕಲ್ ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆ ಬಂತು. ಒಣ ಮರಳಿನಲ್ಲಿ ಸ್ಟ್ಯಾಂಡು ಹೂಳುತ್ತಿತ್ತು. ಕೆಳಗೆ, ನೀರು ಆಗಷ್ಟೇ ಬಿಟ್ಟುಹೋದ ಹಸಿ ಮರಳು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ನಮ್ಮ ಕಡೆ ಕೆರೆಯ ನೀರು ಸಂಕ್ರಾಂತಿಯಿಂದ ಹಿಂದೆ ಸರಿಯಲು ಶುರುವಾದರೆ, ಮತ್ತೆ ಮಳೆಗಾಲದವರೆಗೆ ಅತ್ತ ಕಡೆಗೇ ನಡೆಯುತ್ತದೆ. ಬಿಟ್ಟ ನೆಲದಲ್ಲಿ ಜನ ಸೌತೆಬೀಜ ಊರುತ್ತಾರೆ. ಆ ಭರವಸೆಯಲ್ಲಿ ನಾನು ಮೂರೂ ಸೈಕಲ್ಲುಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿ ಕೀಲಿ ಹಾಕಿದೆ. ಚಂದ್ರ ನೀರನ್ನು ಎಳೆಯುತ್ತಾನೆ ಎಂದೇನೋ ಅಕ್ಷತಾ ಹೇಳಲು ಬಂದಳು. ಈ ಉರಿಬಿಸಿಲಿನಲ್ಲಿ ಚಂದ್ರ ಎಲ್ಲಿಂದ ಬರುತ್ತಾನೆ ಎಂದು ಬಾಯಿ ಮುಚ್ಚಿಸಿದೆ. ಉಬ್ಬರ ಇಳಿತದ ಮೇಲೆ ಐದು ಅಂಕದ ಉತ್ತರವನ್ನು ನಾನೂ ಬರೆದವನೇ. ಆದರೆ ಅದು ಪರೀಕ್ಷೆಗೆ ಮಾತ್ರ ಸಂಬಂಧಪಟ್ಟದ್ದು ಎಂದುಕೊಂಡಿದ್ದೆ.

ರೊಟ್ಟಿ ತಿಂದೆವು. ಜೋಳದ ರೊಟ್ಟಿ ತಿಂದವನು ಮಲಗದಿದ್ದರೆ ರೊಟ್ಟಿಗೆ ಅವಮಾನ. ಎರಡು ತಾಸಿನ ಮೇಲೆ ಮಹಾದೇವಿ ನನ್ನನ್ನು ಅಲುಗಾಡಿಸಿ, "ರೀ, ನಮ್ಮ ಸೈಕಲ್ ಈಜಾಕತ್ಯಾವ ನೋಡ್ರಿ" ಅಂದಳು. ಚಕ್ರ ಮುಳುಗಿ ಹ್ಯಾಂಡಲ್ಲುಗಳು ಮಾತ್ರ ಕಾಣುತ್ತಿದ್ದವು. ಕೊಂಬು ಮೇಲೆ ಮಾಡಿ ಹೊಂಡದಲ್ಲಿ ನಿಂತ ಎಮ್ಮೆಗಳ ಹಾಗೆ. ನಾನು ಪ್ಯಾಂಟು ಮಡಚಿ ನುಗ್ಗಿದೆ. ಒಂದು ಅಲೆ ಬಂದು ಸೈಕಲ್ಲನ್ನು ನನ್ನ ಬಲಗಾಲ ಮೇಲೆ ಕೆಡವಿತು. ಕಾಲು ಉಳುಕಿತು. ಮೂರನ್ನೂ ದಂಡೆಗೆ ಎಳೆದವರು ಹೆಂಡತಿ, ಮಗಳು ಮತ್ತು ಧೋತರ ಮೇಲೆ ಕಟ್ಟಿದ ಅಪ್ಪ. ಮಗ ಅಷ್ಟು ದೂರ ಹೋದದ್ದು ಸೈಕಲ್ಲುಗಳಿಗೆ ನೀರು ಕುಡಿಸಲಿಕ್ಕೆ ಎಂದು ಅಪ್ಪ ಈಗ ಊರಿಗೆ ಹೋದಾಗಲೆಲ್ಲ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ. ನಾನು ಕೆಂಪು ಬಾಳೆಹಣ್ಣು ಕೊಳ್ಳಲು ನಿಂತರೆ ಮಾರುವವನೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ.

ನನಗೆ ಪೆಡಲ್ ತುಳಿಯಲಾಗಲಿಲ್ಲ. ನನ್ನ ಗಾತ್ರ ನೋಡಿ ಹೆಂಡತಿ, ಮಗಳು ಇಬ್ಬರೂ ಸಮುದ್ರದ ಕಡೆ ಮುಖ ತಿರುಗಿಸಿದರು. ಅಪ್ಪ ಔಷಧ ಕೊಡುವವರ ಗಂಭೀರ ಮುಖದಲ್ಲಿ ನನ್ನ ಕಾಲನ್ನು ಮುಟ್ಟಿ ನೋಡಿ, ತಮ್ಮ ಟವೆಲ್ಲಿನಿಂದ ಬಿಗಿಯಾಗಿ ಸುತ್ತಿದರು. ಎದ್ದು ಸೈಕಲ್ ಹಿಡಿದು ನಿಂತರು. ನನ್ನ ಬಾಯಿಗೆ ಬುದ್ಧಿಮಾತು ಬಂದಿತ್ತು.

"ಹಿಂದ ಕುಂದ್ರು, ಶರಣು" ಅಂದರು ಅಪ್ಪ.

ಕೂತೆ. ಮೊದಲ ಹತ್ತು ಮಾರು ಹ್ಯಾಂಡಲ್ ಆಡಿತು, ನಾನು ಕಣ್ಣು ಮುಚ್ಚಿದೆ. ಆಮೇಲೆ ಸೈಕಲ್ ನೆಟ್ಟಗಾಯಿತು, ಅಪ್ಪನ ಬೆನ್ನೂ ನೆಟ್ಟಗಾಯಿತು. ಈಗ ಗಾಳಿ ಹಿಂದಿನಿಂದ. ದಾರಿಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಅಪ್ಪ ಗಂಟೆ ಬಾರಿಸಿದರು. ಇನ್ನೊಮ್ಮೆ ಬಾರಿಸಿದರು. ಒಂದು ವರ್ಷದಲ್ಲಿ ನಾನು ಕೇಳದಷ್ಟು ಮಾತು ಆ ಬೆನ್ನಿನಿಂದ ಬರತೊಡಗಿತು: ಯಾವ ಊರಿನಲ್ಲಿ ಯಾವ ಹೋರಿ ಒದೆಯಿತು, ಯಾವ ಮನೆಯವರು ಮಜ್ಜಿಗೆ ಕೊಡದೆ ಬಿಡುತ್ತಿರಲಿಲ್ಲ. ನಾನು ಅವರ ಅಂಗಿ ಹಿಡಿದುಕೊಂಡಿದ್ದೆ. ಇಂಥ ಮನುಷ್ಯನನ್ನು ಕುರ್ಚಿಗೆ ಕಟ್ಟಿಹಾಕಿ, ಜೋಪಾನ ಮಾಡುತ್ತಿದ್ದೇನೆ ಎಂದು ಬೀಗುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅಪ್ಪನ ಮೇಲೆ ತುಂಬಾ ಪ್ರೀತಿಯೂ ಬಂತು. ಅರ್ಧ ದಾರಿಗೆಲ್ಲ ಕಾಲಿನ ನೋವು ನಿಂತಿತ್ತು. ನಾನು ಹೇಳಲಿಲ್ಲ.

ಇಳಿದುಕೊಂಡಿದ್ದ ಮನೆಯ ಮುಂದೆ ಸೈಕಲ್ ನಿಂತಾಗ ನಾನು ಇಳಿದು ಚೆನ್ನಾಗಿಯೇ ಕುಂಟಿದೆ. ಎಡಗಾಲಿನಲ್ಲಿ ಕುಂಟುತ್ತಿದ್ದೇನೆ ಎಂದು ಅಕ್ಷತಾ ಕಿಸಕ್ಕನೆ ನಕ್ಕ ಮೇಲೆಯೇ ಗೊತ್ತಾದದ್ದು. ಅಪ್ಪ ನನ್ನ ಕಾಲು ನೋಡಿದರು, ಮುಖ ನೋಡಿದರು. ಸೈಕಲ್ಲನ್ನು ಇನ್ನೂ ಹಿಡಿದುಕೊಂಡೇ ಇದ್ದರು.

"ನಾಳೆನೂ ನೋಯ್ತದೇನಪಾ ಕಾಲು?"

"ನೋಯ್ತದಪ್ಪ. ಊರಿಗೆ ಹೋದ ಮ್ಯಾಲೂ ಬಿಡಂಗ ಕಾಣಲ್ಲ."

ಹಾಗೆಯೇ ಆಯಿತು. ಕಮಲಾಪುರದ ಅಟ್ಟದಿಂದ ಅಪ್ಪನ ಸೈಕಲ್ ಇಳಿಸಿ, ಜೋಡಿಸಿ ತಂದೆ. ಈಗ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಕುಸನೂರು ರಸ್ತೆಯಲ್ಲಿ ಎಪ್ಪತ್ತು ದಾಟಿದವರೊಬ್ಬರು ಐವತ್ತರ ಹತ್ತಿರದ ಮಗನನ್ನು ಹಿಂದೆ ಕೂಡಿಸಿಕೊಂಡು ಸೈಕಲ್ ತುಳಿಯುವುದನ್ನು ನೀವು ನೋಡಬಹುದು. ಬುದ್ಧಿ ಹೇಳುವ ಚಟವನ್ನು ನಾನೇನೂ ಬಿಟ್ಟಿಲ್ಲ. ದಾರಿಯುದ್ದಕ್ಕೂ ಹಿಂದೆ ಕೂತು ಹೇಳುತ್ತಲೇ ಇರುತ್ತೇನೆ. ಗಾಳಿಗೆ ಒಂದೂ ಕೇಳಿಸುವುದಿಲ್ಲ ಎನ್ನುತ್ತಾರೆ ಅಪ್ಪ.