ಮಾವನ ಹೆಸರನ್ನು ಜೋರಾಗಿ ಹೇಳಿಸಿದ ಸಂಸ್ಥೆಗೆ

ಮಾನ್ಯರೇ,

ಇಲ್ಲಿ ನಾವೆಲ್ಲರೂ ಕ್ಷೇಮ. ನಮ್ಮ ದನ, ಮೇಕೆ, ಕೋಳಿಗಳೂ ಕ್ಷೇಮ. ತಾವೂ, ತಮ್ಮ ಮಡದಿ ಮಕ್ಕಳೂ, ತಮ್ಮ ಯಂತ್ರಗಳೂ, ಆ ಯಂತ್ರಗಳೊಳಗೆ ಕುಳಿತು ಹಗಲಿರುಳೂ ಬೇಸರವಿಲ್ಲದೆ 'ಮತ್ತೊಮ್ಮೆ ಪ್ರಯತ್ನಿಸಿ' ಎನ್ನುವ ನಯವಾದ ಹೆಣ್ಣುದನಿಯೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರದಲ್ಲಿ ತಮ್ಮ ಸಂಸ್ಥೆಯ ಹೆಸರು ಎಲ್ಲಿಯೂ ಬಂದಿಲ್ಲವೆಂದು ತಾವು ಬೇಸರಪಡಬಾರದು. ದಕ್ಷಿಣ ಆಫ್ರಿಕಾದ ನಮ್ಮ ಖೋಸಾ ಜನರಲ್ಲಿ ಮನೆಗೆ ಬಂದ ಸೊಸೆ ತಾನು ಬಹಳವಾಗಿ ಗೌರವಿಸುವವರ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಆ ಗೌರವವನ್ನು ತಮಗೂ ಸಲ್ಲಿಸಿದ್ದೇನೆಂದು ತಿಳಿಯಬೇಕಾಗಿ ಪ್ರಾರ್ಥನೆ.

ತಮ್ಮ ದಾಖಲೆಗಳಲ್ಲಿ ನಾನು 'ಪ್ರಿಯ ಬಳಕೆದಾರ' ಎಂಬ ಹೆಸರಿನಲ್ಲಿ ಇದ್ದೇನೆ. ಊರಿನವರಿಗೆ ಮಾತ್ರ ನಾನು ನೊವಾಂಡಿಲೆ. ಇದು ಮದುವೆಯಾಗಿ ಬಂದ ದಿನ ಅತ್ತೆಮನೆಯವರು ಇಟ್ಟ ಹೆಸರು. ಶಾಲೆಯ ಮಕ್ಕಳ ಸಮವಸ್ತ್ರವನ್ನೂ, ಮದುವೆ ಹೆಣ್ಣುಗಳ ಉಡುಪನ್ನೂ ಹೊಲಿದು ಬದುಕುವವಳು ನಾನು. ಗಿರಾಕಿಗಳ ಅಳತೆ ಬರೆದಿಟ್ಟ ಚೀಟಿಗಳನ್ನು ಇಲಿ ಕಡಿದು ಹಾಕಿ, ಪಾದ್ರಿಯ ಹೆಂಡತಿಯ ಅಂಗಿಗೆ ಪಾದ್ರಿಯದೇ ಅಳತೆ ಬಿದ್ದು ಇಗರ್ಜಿಯಲ್ಲೆಲ್ಲ ನಗೆಪಾಟಲಾದಾಗ, ನನ್ನ ಮಾವನವರು "ನಿಂಗೆ ಇಲಿ ತಿನ್ನದೇ ಇರೋ ಪುಸ್ತಕ ಒಂದು ಬೇಕು ಮಗಳೇ" ಎಂದು ಬಟರ್‌ವರ್ತ್ ಪೇಟೆಗೆ ಕರೆದುಕೊಂಡು ಹೋಗಿ ತಮ್ಮ ಸಂಸ್ಥೆಯ ಟ್ಯಾಬ್ಲೆಟ್ಟನ್ನು ಕೊಡಿಸಿದರು. ಇಲಿ ಅದನ್ನು ತಿನ್ನಲಿಲ್ಲ ಎಂಬುದನ್ನು ಸಂತೋಷದಿಂದ ದೃಢೀಕರಿಸುತ್ತೇನೆ.

ಮಾವನವರ ಹೆಸರನ್ನು ತಾವು ಕೇಳಬಾರದು, ನಾನು ಹೇಳಬಾರದು. ಮದುವೆಯಾದ ದಿನದಿಂದ ಅದು ನನ್ನ ನಾಲಿಗೆಯ ಮೇಲೆ ಬಂದದ್ದಿಲ್ಲ. ಹೆಸರಿನ ಕೊನೆಯಲ್ಲಿ, ಬೆಳಿಗ್ಗೆ ಮೂಡಿ ಸಂಜೆ ಮುಳುಗುವ ಆ ದುಂಡನೆಯದು ಸೇರಿಕೊಂಡಿರುವುದರಿಂದ ಅದನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. 'ಬೆಳಗುವವನು ಮೇಲೆ ಬಂದ, ಬಟ್ಟೆ ಒಣಹಾಕಿ' ಎಂದೇ ನಾನು ಮಕ್ಕಳನ್ನು ಬೆಳೆಸಿದ್ದೇನೆ. ಇದು ಕಷ್ಟವೆಂದು ನಾನು ಯಾರ ಬಳಿಯೂ ಗೊಣಗಿಲ್ಲ. ನಾಲಿಗೆಗೆ ಒಂದು ಬಾಗಿಲಿದ್ದರೆ ಮನೆಗೆ ಒಳ್ಳೆಯದೆಂದೇ ತಿಳಿದವಳು ನಾನು.

ಆ ದಿನ ಅಂಗಡಿಯಲ್ಲಿ ಜೊಲೆಕಾ ಎಂಬ ಹುಡುಗಿ ನನ್ನ ಖಾತೆ ತೆರೆದುಕೊಟ್ಟಳು. "ಅಮ್ಮಾ, ನಾಳೆ ಬೀಗ ಬಿದ್ರೆ ಬೇಕಾಗುತ್ತೆ, ಈ ಪ್ರಶ್ನೆಗೊಂದು ಉತ್ತರ ಕೊಡಿ. ನೀವು ತುಂಬಾ ಗೌರವಿಸೋರು ಯಾರು?" ಎಂದಳು. ನಾನು ಪಕ್ಕದಲ್ಲಿ ನಿಂತಿದ್ದವರ ಕಡೆ ಕೈತೋರಿ "ಇನ್ಯಾರು, ನಮ್ಮ ತಾತಜಾಲಾ" ಎಂದೆ. ಮಾವನನ್ನು ನಾವು ಸೊಸೆಯಂದಿರು ಕರೆಯುವುದೇ ಹಾಗೆ. ಮಾವನವರ ಗುರುತಿನ ಚೀಟಿ ಮೇಜಿನ ಮೇಲೇ ಇತ್ತು. ಹುಡುಗಿ ಚೀಟಿಯನ್ನೊಮ್ಮೆ ನೋಡಿ ಏನೋ ಒತ್ತಿದಳು. ಚೀಟಿಯಲ್ಲಿದ್ದ ಹೆಸರನ್ನೇ ಒತ್ತಿದಳೆಂದು ತಿಳಿದು, ಹೇಳುವ ಕೆಲಸ ತಪ್ಪಿತಲ್ಲ ಎಂದು ಸಮಾಧಾನಪಟ್ಟೆ. ಆಮೇಲೆ ನನ್ನ ದನಿಯ ಮಾದರಿಯನ್ನೂ ತೆಗೆದುಕೊಂಡಳು. ಮಾವನವರು ಮನೆಗೆ ಬರುವವರೆಗೂ ಟ್ಯಾಬ್ಲೆಟ್ಟನ್ನು ಮೊಟ್ಟೆಯ ಬುಟ್ಟಿಯಂತೆ ತೊಡೆಯ ಮೇಲಿಟ್ಟುಕೊಂಡಿದ್ದರು.

ಇನ್ನು ಮುಖ್ಯ ವಿಷಯ. ನಮ್ಮ ಮನೆತನದ ಹಿರಿಯರ ಹೆಸರುಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಹೇಳಬಲ್ಲವರು ಮಾವನವರೊಬ್ಬರೇ ಇದ್ದರು. ನನ್ನ ಯಜಮಾನರಾದ ಲುಂಗಿಸಾ ಅವರಿಗೂ ಬರುತ್ತದೆ, ಆದರೆ ಐದಾರು ಹೆಸರಾಗುತ್ತಲೇ ಅವರಿಗೆ ಕೆಮ್ಮು ಬರುತ್ತದೆ, ಕೆಮ್ಮು ನಿಲ್ಲುವಷ್ಟರಲ್ಲಿ ಜನ ಊಟಕ್ಕೆ ಎದ್ದಿರುತ್ತಾರೆ. ಅದಕ್ಕೇ ಒಂದು ದಿನ ಮಾವನವರು ದನದ ದೊಡ್ಡಿಯ ಒಳಗೆ ನಿಂತು, ಸೊಸೆ ಕಾಲಿಡಬಾರದ ಆ ಬೇಲಿಯ ಹೊರಗೆ ನನ್ನನ್ನು ನಿಲ್ಲಿಸಿ, ಎಲ್ಲ ಹೆಸರುಗಳನ್ನೂ ಈ ಟ್ಯಾಬ್ಲೆಟ್ಟಿಗೆ ಹೇಳಿದರು. "ನಾ ಹೋದ್ಮೇಲೆ ನಿನ್ನ ಗಂಡ ಕೆಮ್ತಾನೆ. ಆಗ ಇದನ್ನ ಹಚ್ಚು" ಎಂದರು. ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ನನ್ನ ಮೊಮ್ಮಗಳು ಹುಟ್ಟಿದ್ದು ಅದರ ನಂತರ. ಶನಿವಾರ ಅವಳ ಇಂಬೆಲೆಕೊ, ಅಂದರೆ ಮಗುವನ್ನು ಹಿರಿಯರಿಗೆ ಪರಿಚಯಿಸುವ ಶಾಸ್ತ್ರ, ನಿಗದಿಯಾಗಿತ್ತು. ಹಿರಿಯರನ್ನು ಹೆಸರು ಹಿಡಿದು ಕರೆಯದೆ ಮಗುವನ್ನು ಯಾರಿಗೆಂದು ತೋರಿಸುವುದು?

ಟ್ಯಾಬ್ಲೆಟ್ ತೆಗೆದರೆ ಗುಪ್ತಪದ ಕೇಳಿತು. ತಮ್ಮ ಸಂಸ್ಥೆಯ ಮುಂದಾಲೋಚನೆಯನ್ನು ಇಲ್ಲಿ ಮೆಚ್ಚಿಕೊಳ್ಳಲೇಬೇಕು. ಹಳೆಯ ಗುಪ್ತಪದ ಹಳಸಿತು, ಕೂಡಲೇ ಹೊಸದನ್ನಿಡಿ ಎಂದು ತಾವು ಆಜ್ಞೆ ಮಾಡಿದ್ದು ಮಾವನವರನ್ನು ಮಣ್ಣು ಮಾಡಿದ ದಿನವೇ. ದೊಡ್ಡಕ್ಷರವೊಂದು, ಅಂಕಿಯೊಂದು, ಚಿಹ್ನೆಯೊಂದು ಇರಲೇಬೇಕೆಂದಿರಿ. ನಾನು ಅಳುತ್ತಾ ಏನೋ ಒತ್ತಿದೆ, 'ಬಹಳ ಬಲವಾದ ಗುಪ್ತಪದ' ಎಂದು ತಾವು ಹಸಿರು ಗೆರೆ ಎಳೆದು ಹೊಗಳಿದಿರಿ. ಎಷ್ಟು ಬಲವೆಂದರೆ ಅದನ್ನು ಇಟ್ಟವಳಿಗೂ ಮುರಿಯಲಾಗಲಿಲ್ಲ.

ನನ್ನ ಯಜಮಾನರ ಹೆಸರಿನ ಅರ್ಥವೇ 'ಸರಿಪಡಿಸು' ಎಂದು. ಆ ಧೈರ್ಯದ ಮೇಲೆ ಅವರು ಟ್ಯಾಬ್ಲೆಟ್ಟನ್ನು ಕೈಗೆತ್ತಿಕೊಂಡರು. "ನನ್ ಹೆಸ್ರೇ ಇಟ್ಟಿರ್ತೀಯ, ಬಿಡು" ಎಂದು ಮೊದಲು ತಮ್ಮ ಹೆಸರನ್ನೇ ಒತ್ತಿದರು. ಅಲ್ಲವೆಂದು ಯಂತ್ರ ಹೇಳಿದಾಗ ನನ್ನನ್ನು ನೋಡಿದ ನೋಟ ಇನ್ನೂ ಪೂರ್ತಿ ಇಳಿದಿಲ್ಲ. ಆಮೇಲೆ ತಮ್ಮ ರಗ್ಬಿ ತಂಡ, ನಮ್ಮ ನಾಯಿ, ಕೊನೆಗೆ ಸಿಟ್ಟಿನಿಂದ ನನ್ನ ಅಮ್ಮನ ಹೆಸರು ಒತ್ತಿದರು. ಯಂತ್ರ ಖಾತೆಗೇ ಬೀಗ ಜಡಿಯಿತು. ಒಂದು ಮನೆಯಲ್ಲಿ ಒಂದೇ ಮಧ್ಯಾಹ್ನ ಇಷ್ಟು ಜಗಳ ತಂದಿಡುವ ಶಕ್ತಿ ಈವರೆಗೆ ನಮ್ಮ ನಾದಿನಿಯೊಬ್ಬಳಿಗೇ ಇತ್ತು.

ತಮ್ಮ ಸಹಾಯದ ವ್ಯವಸ್ಥೆಯಂತೂ ಅದ್ಭುತ. ಬೀಗ ತೆಗೆಯುವ ಸಂಖ್ಯೆಯನ್ನು ನನ್ನ ಮಿಂಚಂಚೆಗೆ ಕಳಿಸಿದಿರಿ. ಮಿಂಚಂಚೆ ಇರುವುದು ಬೀಗ ಬಿದ್ದ ಟ್ಯಾಬ್ಲೆಟ್ಟಿನಲ್ಲಿ. ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕುವ ಈ ವಿದ್ಯೆ ನಮ್ಮ ಹಳ್ಳಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಬೇರೆ ದಾರಿ ಕೇಳಿದರೆ ನಾನು ಮನುಷ್ಯಳೇ ಎಂದು ಸಾಬೀತು ಮಾಡಲು ಹೇಳಿ, ರಸ್ತೆಯ ಸಿಗ್ನಲ್ ದೀಪಗಳಿರುವ ಚಿತ್ರಗಳನ್ನು ಆರಿಸಲು ಕೊಟ್ಟಿರಿ. ನಮ್ಮ ದಾರಿಯಲ್ಲಿ ಟ್ಯಾಕ್ಸಿ ನಿಲ್ಲಿಸುವುದು ಮೇಕೆಗಳು. ಮೇಕೆಯ ಚಿತ್ರ ಕೊಟ್ಟಿದ್ದರೆ ಅದು ಯಾರ ಮನೆಯ ಮೇಕೆಯೆಂದೂ ಹೇಳಿಬಿಡುತ್ತಿದ್ದೆ.

ಕೊನೆಗೆ ಉಳಿದದ್ದು ದನಿಯ ಪರೀಕ್ಷೆ. ನೆರೆಮನೆಯ ಫೋನಿನಿಂದ ತಮ್ಮ ಸಂಖ್ಯೆಗೆ ಕರೆ ಮಾಡಿದಾಗ ಹೆಣ್ಣುದನಿ ನಮ್ಮ ಭಾಷೆಯಲ್ಲೇ ಕೇಳಿತು: "ತಾವು ಅತ್ಯಂತ ಗೌರವಿಸುವ ವ್ಯಕ್ತಿ ಯಾರು? ಉತ್ತರವನ್ನು ಸ್ಪಷ್ಟವಾಗಿ ಹೇಳಿ." ಯಜಮಾನರು ಫೋನು ಕಸಿದು ತಮ್ಮ ತಂದೆಯ ಹೆಸರು ಹೇಳಿದರು. "ಇದು ಖಾತೆದಾರರ ದನಿಯಲ್ಲ" ಎಂದಿತು. ಹೆಣ್ಣುದನಿ ಮಾಡಿ ಹೇಳಿದರು. ಅದಕ್ಕೂ ಹಾಗೆಯೇ ಎಂದು, ಇನ್ನು ಒಂದೇ ಅವಕಾಶ ಉಳಿದಿದೆಯೆಂದೂ, ಅದೂ ಕೈತಪ್ಪಿದರೆ ಟ್ಯಾಬ್ಲೆಟ್ಟಿನಲ್ಲಿ ಇರುವುದನ್ನೆಲ್ಲ ನಮ್ಮ ಸುರಕ್ಷತೆಗಾಗಿ ಅಳಿಸಲಾಗುವುದೆಂದೂ ತಿಳಿಸಿತು. ನಮ್ಮ ಮಾವನವರ ದನಿಯನ್ನು ನಮ್ಮಿಂದ ಕಾಪಾಡಲು ತಾವು ಪಟ್ಟ ಶ್ರಮಕ್ಕೆ ಏನು ಹೇಳಲಿ!

ಶುಕ್ರವಾರ ಬೆಳಿಗ್ಗೆ ನಾನು ಫೋನು ಹಿಡಿದು ಅಡುಗೆಮನೆಯಲ್ಲಿ ಕುಳಿತೆ. ಅತ್ತೆಯವರು ಎದುರಿಗೇ ಮೆಕ್ಕೆಜೋಳ ಬಿಡಿಸುತ್ತಿದ್ದರು. ಹೊರಗೆ ಹೋಗಲಿ ಎಂದು ಕಾದೆ, ಅವರು ಹೋಗಲಿಲ್ಲ. "ಹೇಳು ಸೊಸೆ, ಹೇಳಿಬಿಡು. ನಾ ಜೋಳ ನೋಡ್ತಿರ್ತೀನಿ" ಎಂದರು.

ಮೆಲ್ಲಗೆ ಹೇಳಿದೆ. "ಕ್ಷಮಿಸಿ, ಕೇಳಿಸಲಿಲ್ಲ. ಜೋರಾಗಿ ಹೇಳಿ" ಎಂದಿತು ತಮ್ಮ ಯಂತ್ರ. ಇನ್ನಷ್ಟು ದನಿ ಎತ್ತಿದೆ. "ಇನ್ನೂ ಜೋರಾಗಿ, ಸ್ಪಷ್ಟವಾಗಿ ಹೇಳಿ" ಎಂದಿತು. ಆಗ ನನ್ನ ಇಷ್ಟು ವರ್ಷದ ಮರ್ಯಾದೆಯನ್ನೆಲ್ಲ ಬದಿಗಿಟ್ಟು ಬೆಟ್ಟದಾಚೆಗೂ ಕೇಳುವಂತೆ ಕೂಗಿದೆ. ಅಂಗಳದಲ್ಲಿ ಮೇಯುತ್ತಿದ್ದ ಕೋಳಿಗಳು ಚದುರಿದವು. ಅತ್ತೆಯವರ ಕೈಯಲ್ಲಿದ್ದ ಜೋಳದ ತೆನೆ ಕೆಳಗೆ ಬಿತ್ತು.

"ಉತ್ತರ ತಪ್ಪಾಗಿದೆ. ಈ ಕರೆ ಮುಗಿದೊಡನೆ ಎಲ್ಲವನ್ನೂ ಅಳಿಸಲಾಗುವುದು" ಎಂದಿತು ಯಂತ್ರ.

ಮಾನ್ಯರೇ, ಆ ಕ್ಷಣದಲ್ಲಿ ನನಗಾದ ಅವಮಾನವನ್ನು ಬರೆಯಲು ಬಾರದು. ಆಡಬಾರದ್ದನ್ನು ಆಡಿದ್ದೆ, ಅದೂ ವ್ಯರ್ಥವಾಗಿತ್ತು, ಅವರ ದನಿಯೂ ಹೋಯಿತೆಂದು ತಿಳಿದೆ. ಅತ್ತೆಯವರು ಮಾತ್ರ "ಹೇಳಿದ್ದು ಹೇಳ್ದೆ, ಅಷ್ಟು ಕಿರುಚ್ಬೇಕಿತ್ತೇನೇ? ಅವರಿಗೇನು ಅಲ್ಲಿ ಕಿವಿ ಕೇಳಲ್ವಾ?" ಎಂದು ಬೈದರು. ಬೈದವರೇ ಸೆರಗಿನಂತೆ ಹೊದ್ದ ಕಂಬಳಿಯಿಂದ ಕಣ್ಣೊರೆಸಿಕೊಂಡು "ಆ ಹೆಸರು ಈ ಅಡುಗೆಮನೇಲಿ ಯಾವತ್ತೂ ಕೇಳಿಸಿರ್ಲಿಲ್ಲ" ಎಂದರು. ನನಗೆ ತಡೆಯಲಾಗಲಿಲ್ಲ. ಫೋನು ಕೈಯಲ್ಲೇ ಇದೆಯೆಂಬುದನ್ನೂ ಮರೆತು ದೊಡ್ಡಿಯ ಕಡೆ ತಿರುಗಿ, "ತಾತಜಾಲಾ, ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ" ಎಂದು ಅತ್ತುಬಿಟ್ಟೆ.

"ಧನ್ಯವಾದಗಳು. ಉತ್ತರ ಸರಿಯಾಗಿದೆ" ಎಂದಿತು ತಮ್ಮ ಯಂತ್ರ.

ಜೊಲೆಕಾ ನಾನು ಹೇಳಿದ್ದನ್ನು ಹೇಳಿದಂತೆಯೇ ಒತ್ತಿದ್ದಳು! ಗುರುತಿನ ಚೀಟಿಯನ್ನು ಅವಳು ಸುಮ್ಮನೆ ನೋಡಿದ್ದಳಷ್ಟೆ. ದಿನಕ್ಕೆ ಹತ್ತು ಸಲ ನಾನು ಕರೆಯುತ್ತಿದ್ದ ಮಾತೇ ಕೀಲಿಕೈಯಾಗಿತ್ತು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ತಾವು ನನ್ನಿಂದ ಕೂಗಿಸಿದಿರಿ.

ಶನಿವಾರ ಶಾಸ್ತ್ರ ನಡೆಯಿತು. ಗಂಡಸರು ದೊಡ್ಡಿಯೊಳಗೆ ನಿಂತರು. ಟ್ಯಾಬ್ಲೆಟ್ಟನ್ನು ಬೇಲಿಯ ಕಂಬದ ಮೇಲಿಟ್ಟರು. ನಾವು ಹೆಂಗಸರು ಮಗುವನ್ನೆತ್ತಿಕೊಂಡು ಹೊರಗೆ ದೂರದಲ್ಲಿ ಕುಳಿತೆವು. ಮಾವನವರ ದನಿ ಎದ್ದಿತು. ಯಜಮಾನರು ಕೆಮ್ಮದೆ ಒಂದೊಂದು ಹೆಸರನ್ನೂ ಅದರ ಹಿಂದೆ ಹೇಳುತ್ತ ಹೋದರು. ಅರ್ಧಕ್ಕೆ ಬಂದಾಗ ತಾವು ಮತ್ತೆ ಪ್ರತ್ಯಕ್ಷರಾದಿರಿ. ಖಾತೆಯನ್ನು ಇತ್ತೀಚೆಗೆ ತೆರೆಯಲಾಗಿರುವುದರಿಂದ ನಮ್ಮ ಸುರಕ್ಷತೆಗಾಗಿ ಮತ್ತೊಮ್ಮೆ ಉತ್ತರ ಹೇಳಬೇಕೆಂದು ಆ ಹೆಣ್ಣುದನಿ, ಸೊಸೆಯೂ ಕಾಲಿಡದ ದೊಡ್ಡಿಯಲ್ಲಿ, ನಮ್ಮ ಹಿರಿಯರ ನಡುವೆ ನಿಂತು ಅಪ್ಪಣೆ ಕೊಡಿಸಿತು. ಮುದುಕರು ಒಬ್ಬರ ಮುಖ ಒಬ್ಬರು ನೋಡಿದರು. ಯಜಮಾನರಿಗೆ ಕೆಮ್ಮು ಬಂತು.

ಅಲ್ಲಿ ಹೆಂಗಸರು ದನಿ ಎತ್ತುವ ಪದ್ಧತಿಯಿಲ್ಲ. ನಾನು ಅತ್ತೆಯವರನ್ನು ನೋಡಿದೆ, ಅವರು ತಲೆಯಾಡಿಸಿದರು. ಕುಳಿತಲ್ಲಿಂದಲೇ, ಊಟಕ್ಕೆ ಕರೆಯುತ್ತಿದ್ದ ಹಾಗೆಯೇ, "ತಾತಜಾಲಾ!" ಎಂದು ಕರೆದೆ.

ಮಾವನವರು ನಿಲ್ಲಿಸಿದ ಹೆಸರಿನ ಮುಂದಿನ ಹೆಸರಿನಿಂದ ಮಾತು ಮುಂದುವರಿಸಿದರು.

ದೊಡ್ಡಿಯೊಳಗಿದ್ದ ಚಿಕ್ಕಮಾವನವರು, ಯಂತ್ರದ ಸುದ್ದಿ ಏನೂ ತಿಳಿಯದವರು, ಟೋಪಿ ತೆಗೆದು "ನೋಡ್ರೋ, ಸೊಸೆ ಕರೆದ್ರೆ ಈಗ್ಲೂ ಓಗೊಡ್ತಾನೆ ನಮ್ಮಣ್ಣ" ಎಂದರು. ಅವರಿಗೆ ವಿಷಯ ತಿಳಿಸಿಹೇಳುವ ಮನಸ್ಸು ನನಗಾಗಲಿಲ್ಲ. ಕೊನೆಯ ಹೆಸರು ಬಂದಾಗ ಮಗು ನನ್ನ ತೋಳಲ್ಲಿ ನಿದ್ದೆಹೋಗಿತ್ತು.

ಹೀಗೆ ಎಲ್ಲವೂ ಶುಭವಾಗಿ ಮುಗಿದಿರುವಾಗ ದೂರೆಂಥದು ಎಂದು ತಾವು ಕೇಳಬಹುದು. ಮಾವನ ಹೆಸರು ಕೂಗಿದ ಸೊಸೆ ಪದ್ಧತಿಯಂತೆ ತವರಿಗೆ ಹೋಗಿ ಮೇಕೆಯೊಂದನ್ನು ದಂಡವಾಗಿ ತರಬೇಕು. ನನ್ನ ತವರಿನವರು ಅದನ್ನು ಕೂಗಿಸಿಲ್ಲ, ತಾವು ಕೂಗಿಸಿದ್ದೀರಿ. ಆದ್ದರಿಂದ ಮೇಕೆ ತಮ್ಮ ಕಡೆಯಿಂದ ಬರಬೇಕೆಂದು ಕೋರುತ್ತೇನೆ. ಮೇಕೆ ಬಿಳಿಯದಾಗಿರಲಿ, ಜೀವಂತವಾಗಿರಲಿ. ಮೇಕೆಯ ಚಿತ್ರ, ಮೇಕೆಯ ಚೀಟಿ, ಮೇಕೆಯ ಮೇಲೆ ರಿಯಾಯಿತಿ, ಇವು ಬೇಡ. ತಮ್ಮ ಮುಖ್ಯಸ್ಥರೇ ಅದರ ಹಗ್ಗ ಹಿಡಿದು ಬಂದು, ದೊಡ್ಡಿಯ ಬಾಗಿಲಲ್ಲಿ ನಿಂತು, ತಾವು ಯಾರ ಮಗನೆಂದು, ಅವರ ತಂದೆ ಯಾರೆಂದು, ಅವರ ತಂದೆ ಯಾರೆಂದು ಸ್ಪಷ್ಟವಾಗಿ ಹೇಳಬೇಕು. ಮೆಲ್ಲಗೆ ಹೇಳಿದರೆ ಇನ್ನೊಮ್ಮೆ ಜೋರಾಗಿ ಹೇಳಿಸಲು ಅತ್ತೆಯವರು ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಐದನೆಯ ಹೆಸರಿಗೆ ಅವರಿಗೂ ಕೆಮ್ಮು ಬಂದರೆ ನನ್ನ ಯಜಮಾನರು ಜೊತೆ ಕೊಡುತ್ತಾರೆ.

ಮೇಕೆಯ ದಾರಿ ಕಾಯುತ್ತಾ,

ತಮ್ಮ ವಿಶ್ವಾಸಿ,
ನೊವಾಂಡಿಲೆ
(ತಾವು ಕರೆಯುವಂತೆ: ಪ್ರಿಯ ಬಳಕೆದಾರ)

ತಾ. ಕ.: ತಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರೆಂದು ನಿನ್ನೆ ಕೇಳಿದ್ದೀರಿ. ನಕ್ಷತ್ರಗಳ ಹೆಸರನ್ನು ಹೇಳಲು ನನಗೆ ಅಡ್ಡಿಯೇನಿಲ್ಲ, ಆದರೆ ಕೊಡಲು ಮನಸ್ಸಿಲ್ಲ. ಇನ್ನೊಂದು ತಿದ್ದುಪಡಿ: ಗೌರವದಿಂದ ತಮ್ಮ ಹೆಸರು ಬರೆದಿಲ್ಲವೆಂದು ಮೊದಲಲ್ಲಿ ಹೇಳಿದ್ದೆ. ಶನಿವಾರದ ನಂತರ ನಮ್ಮ ಮನೆಯಲ್ಲಿ ಯಾರೂ ತಮ್ಮ ಹೆಸರು ಎತ್ತಬಾರದೆಂದು ಅತ್ತೆಯವರ ಕಟ್ಟಪ್ಪಣೆಯಾಗಿದೆ, ಬದಲಿಗೆ ತಮ್ಮನ್ನು 'ಆ ಕಿವುಡ' ಎನ್ನಬೇಕೆಂದೂ ಆಗಿದೆ. ಮೊಮ್ಮಗಳು ಮಾತು ಕಲಿತಾಗ ಅವಳಿಗೂ ಹಾಗೆಯೇ ಹೇಳಿಕೊಡುತ್ತೇನೆ.