ಅರ್ಥಪ್ಪನ ‘ಗಿವ್’ ಪುಟ

ಆ ಪುಟವನ್ನು ಅರ್ಥಪ್ಪ ಸುಮ್ಮನೆ ಚೀಲದೊಳಗಿಟ್ಟುಕೊಂಡು ಕಚೇರಿಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹೊಸ ಹಲ್ಲು ಕಟ್ಟಿಸಿಕೊಂಡವನಿಗೆ ಬಾಯಿ ಮುಚ್ಚಿಕೊಂಡಿರಲು ಆಗುತ್ತದೆಯೇ?

ಅರ್ಥಪ್ಪ ಎನ್ನುವುದು ಮನೆಯವರು ಇಟ್ಟ ಹೆಸರಲ್ಲ. ತ್ರಿಭಾಷಾ ನಿಘಂಟಿನ ಕಚೇರಿ ಸೇರಿ, ಕಂಡಕಂಡವರಿಗೆ ಅರ್ಥ ಹೇಳತೊಡಗಿದ ಮೇಲೆ ಓಣಿಯವರು ಇಟ್ಟಿದ್ದು. ಇಂಗ್ಲಿಷ್ ಪದ, ಬಂಗಾಳಿ ಪದ, ನಮ್ಮ ಪದ, ಕೆಳಗೆ ಬಳಕೆಯ ವಾಕ್ಯಗಳು. ಇದು ಆ ನಿಘಂಟಿನ ಕ್ರಮ. ಅರ್ಥಪ್ಪನ ಪಾಲಿಗೆ ಬಂದದ್ದು ‘ಗಿವ್’ ಪದದ ಪುಟ. ‘ಅಳಿಯಂದಿರಿಗೆ ಕೆಲಸ ಏನು’ ಎಂದು ಯಾರಾದರೂ ಕೇಳಿದರೆ ಅತ್ತೆ ಮಾತು ಮರೆಸಿಬಿಡುತ್ತಿದ್ದರು. ಇಡೀ ಪುಟ ತನ್ನದೇ ಎಂದು ಅಚ್ಚಿನಲ್ಲಿ ಅವರಿಗೆ ತೋರಿಸಬೇಕು. ಅವನಿಗಿದ್ದ ಆಸೆ ಅದೊಂದೇ. ಸಂಜೆಯೊಳಗೆ ಸಂಪಾದಕರು ಒಪ್ಪಬೇಕಿತ್ತು.

ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಓದಿಯೇಬಿಟ್ಟ. “ಗಿವ್. ಬಂಗಾಳಿಯಲ್ಲಿ ದೇಓಯಾ. ನಮ್ಮಲ್ಲಿ ಕೊಡು. ವಾಕ್ಯ: ದರ್ಜಿ ಮಾತು ಕೊಟ್ಟ, ಅಂಗಿ ಕೊಡಲಿಲ್ಲ.”

ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಂತಿತು.

“ಯಾವ ದರ್ಜಿ?” ಅಂದ ದರ್ಜಿ, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಹೊರಬಂದು.

“ಯಾವನೋ ಒಬ್ಬ ಕಣಯ್ಯಾ. ಉದಾಹರಣೆ.”

“ಈ ಓಣಿಗೆ ದರ್ಜಿ ನಾನೊಬ್ನೇ. ನಿಮ್ಮ ಪ್ಯಾಂಟು ಇನ್ನೂ ನನ್ನ ಹತ್ರಾನೇ ಇದೆ, ನೆನಪಿರ್ಲಿ. ಅರ್ಧ ಕತ್ತರಿಸಿದ್ದೀನಿ ಅಷ್ಟೆ. ಕತ್ತರಿ ಎತ್ತ ಬೇಕಾದ್ರೂ ಓಡಬಹುದು.”

ಅರ್ಥಪ್ಪ ಪೆನ್ನು ತೆಗೆದು ತಿದ್ದಿದ: ‘ದರ್ಜಿ ಹೇಳಿದ ದಿನವೇ ಅಂಗಿ ಕೊಟ್ಟ.’

ಅಷ್ಟರಲ್ಲಿ ಮೇಲ್ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಇಳಿದು ಬಂದು ಪುಟಕ್ಕೆ ಮೂಗು ತಾಗಿಸಿದರು. “ಗಿವ್ ಬ್ಯಾಕ್, ಫೇರತ್ ದೇಓಯಾ, ಹಿಂದಿರುಗಿಸು. ‘ಮೇಲ್ಮನೆಯವರು ಏಣಿ ಹಿಂದಿರುಗಿಸಲಿಲ್ಲ.’ ಏನಪ್ಪಾ ಇದು? ನಿನ್ನ ಏಣಿ ಏನು ನಾನು ನುಂಗಿಬಿಟ್ಟಿದ್ದೀನಾ?”

“ಇಲ್ಲ ಮೇಷ್ಟ್ರೆ. ಆದ್ರೆ ಏಣಿ ನಿಮ್ಮನೇಲೇ ಇದೆ.”

“ಇದೆ. ಅದು ಮನೆ ವಿಷಯ. ಅದನ್ನ ಬಂಗಾಳದವರೆಗೂ ಕಳಿಸ್ಬೇಕಾ?”

ಮೇಷ್ಟ್ರು ಮೆಟ್ಟಿಲಿಗೆ ಅಡ್ಡ ನಿಂತರು. ಬೀಗ ಜಡಿದ ಗೇಟಿನ ಹಾಗೆ. ಕಚೇರಿಗೆ ಹೊತ್ತಾಗುತ್ತಿತ್ತು. ಅರ್ಥಪ್ಪ ಮತ್ತೆ ತಿದ್ದಿದ: ‘ಮೇಲ್ಮನೆಯವರು ಏಣಿಯನ್ನು ಒರೆಸಿ ಅಂದೇ ಹಿಂದಿರುಗಿಸಿದರು.’

ಕೊನೆಯ ವಾಕ್ಯ ಅತ್ತೆಯದು. ಅವರು ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅರ್ಥಪ್ಪ ಮೆಲ್ಲಗೆ ಓದಿದ: ‘ಗಿವ್ ಇನ್, ಹಾರ್ ಮಾನಾ, ಮಣಿ. ಅತ್ತೆ ಯಾರಿಗೂ ಮಣಿಯಲಿಲ್ಲ.’

“ಇದನ್ನೂ ತಿದ್ದಿಬಿಡ್ತೀನಿ ಅತ್ತೆ,” ಅಂದ, ಅವರು ಬಾಯಿ ತೆರೆಯುವ ಮೊದಲೇ.

“ತಿದ್ದಿದ್ರೆ ನೋಡಿ,” ಅಂದರು ಅತ್ತೆ. “ಜನ್ಮದಲ್ಲಿ ಒಂದು ನಿಜ ಬರ್ದಿದ್ದೀರ ಅಳಿಯಂದ್ರೆ. ಒಂದಕ್ಷರ ಅಲುಗಬಾರ್ದು.”

ಕಚೇರಿಯಲ್ಲಿ ಬಂಗಾಳಿ ಪದಗಳನ್ನು ನೋಡುವ ಅಕ್ಕ ಪುಟ ಓದಿ ಕನ್ನಡಕ ತೆಗೆದಿಟ್ಟರು. “ನನ್ನ ಬಂಗಾಳಿ ಎಲ್ಲ ಸರಿಯಾಗಿದೆ. ನಿಮ್ಮ ಓಣೀಲಿ ಬರೀ ದೇವತೆಗಳೇ ಇರೋದಾ?”

ಸಂಪಾದಕರು ಓದಿದರು. “ಹೇಳಿದ ದಿನ ಬಟ್ಟೆ ಕೊಡೋ ದರ್ಜಿ? ವಿಳಾಸ ಹೇಳಿ, ನಾನೂ ಹೋಗ್ತೀನಿ.” ಗೀಟು ಬಿತ್ತು. “ಏಣಿ ಒರೆಸಿ ಕೊಟ್ರಾ?” ಇನ್ನೊಂದು ಗೀಟು. “ಜನ ಬಾಯಲ್ಲಿ ಆಡೋ ಮಾತು ಬೇಕು ಕಣ್ರಿ. ಇದು ಸನ್ಮಾನಪತ್ರ.”

ಆಗ ಸಂಪಾದಕರ ಪೆನ್ನು ಅತ್ತೆಯ ಮೇಲೆ ನಿಂತಿತು.

“ಇದು! ಇದೊಂದು ಉಸಿರಾಡ್ತಿದೆ. ಎಲ್ಲಿ ಸಿಕ್ತು?”

“ಮನೇಲೇ ಸಾರ್.”

“ಆದ್ರೆ ಅರ್ಧವೇ ಇದೆ. ಅತ್ತೆ ಮಣೀಲಿಲ್ಲ ಅಂದ್ಮೇಲೆ ಮಣಿದವ್ರು ಯಾರಾದ್ರೂ ಇರ್ಬೇಕಲ್ಲ. ಪಕ್ಕದಲ್ಲೇ ಬರೀರಿ: ‘ಅಳಿಯ ಎಲ್ಲರಿಗೂ ಮಣಿದ.’”

“ಅದು ಬೇಡ ಸಾರ್.”

“ಯಾಕೆ ಬೇಡ?”

“ಓಣೀಲಿ ಎಲ್ಲರೂ…” ಅರ್ಥಪ್ಪ ಅವರ ಮುಖ ನೋಡಿದ. “ಆಗ್ಲಿ ಸಾರ್. ಬರೀತೀನಿ.”

“ನೋಡಿ, ಎಷ್ಟು ಸಹಜವಾಗಿ ಬಂತು,” ಎಂದು ಅಕ್ಕ ನಕ್ಕರು.

ಸಂಜೆ ಆ ಪುಟದ ಅಚ್ಚಿನ ಮೊದಲ ಪ್ರತಿ ಮನೆಗೆ ಬಂತು. ಅತ್ತೆ ಮೆಟ್ಟಿಲ ಮೇಲೆ ನಿಂತು, ಅರ್ಥಪ್ಪ ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ, ಇಡೀ ಓಣಿಗೆ ಕೇಳುವಂತೆ ಓದಿದರು: “ಅತ್ತೆ ಯಾರಿಗೂ ಮಣಿಯಲಿಲ್ಲ. ಅಳಿಯ ಎಲ್ಲರಿಗೂ ಮಣಿದ. ಕೇಳಿದ್ರಾ? ನನ್ನ ಅಳಿಯಂದಿರ ಪುಟ. ಮೂರು ಭಾಷೇಲಿ!”

ಆ ಮಾತಿಗಾಗಿ ಎಷ್ಟೋ ವರ್ಷ ಕಾದಿದ್ದ ಅರ್ಥಪ್ಪನಿಗೆ ಎದೆ ಉಬ್ಬಿತು. ಉಬ್ಬಿದ್ದು ಎಲ್ಲಿಗೆ ನಿಲ್ಲಬೇಕೋ ತಿಳಿಯದೆ ಅರ್ಧದಲ್ಲೇ ನಿಂತಿತು.

“ನಾನೆಲ್ಲಿ?” ಅಂದ ದರ್ಜಿ. “ತೆಗೆದುಬಿಟ್ರಾ? ಅಯ್ಯೋ, ಬೆಳಿಗ್ಗೆ ಇದ್ದದ್ದನ್ನಾದ್ರೂ ಬಿಡಬಾರ್ದಿತ್ತೇ? ಬೈದ್ರೂ ಪುಸ್ತಕದಲ್ಲಿ ಇರ್ತಿದ್ದೆ. ಪ್ಯಾಂಟಿನ ಮಾತು ಇನ್ನು ಎತ್ತಬೇಡಿ.”

ಮೇಷ್ಟ್ರು ಪುಟದಲ್ಲಿ ಏಣಿಯ ವಾಕ್ಯ ಹುಡುಕಿ, ಕಾಣದೆ, ಮೇಲೆ ಹೋಗಿ ಬಾಗಿಲು ಹಾಕಿಕೊಂಡರು.

“ಇದಕ್ಕೆ ಕಟ್ಟು ಹಾಕ್ಸಿ,” ಅಂದರು ಅತ್ತೆ, “ಮುಂಬಾಗಿಲ ನೆತ್ತಿ ಮೇಲೆ ತೂಗ್ಹಾಕಿ. ಬಂದವ್ರೆಲ್ಲ ಓದ್ಲಿ. ಮೊಳೆ ಈಗ್ಲೇ ಹೊಡೀರಿ.”

“ಅಲ್ಲಿ ಬೇಡ ಅತ್ತೆ. ಒಳಗೆಲ್ಲಾದ್ರೂ…”

ಅತ್ತೆ ಸೊಂಟಕ್ಕೆ ಕೈಯಿಟ್ಟರು.

ಅರ್ಥಪ್ಪ ಸುತ್ತಿಗೆ, ಮೊಳೆ ಹುಡುಕಿ ತಂದ. ಬಾಗಿಲ ನೆತ್ತಿ ಕೈಗೆ ಎಟುಕಲಿಲ್ಲ. ಒಂದು ನಿಟ್ಟುಸಿರು ಬಿಟ್ಟು ಮೆಟ್ಟಿಲು ಹತ್ತಿದ. ತನ್ನದೇ ಏಣಿಯನ್ನು ಒಂದು ಗಳಿಗೆಯ ಮಟ್ಟಿಗೆ ಕೊಡಿ ಎಂದು ಮೇಷ್ಟ್ರನ್ನು ಬೇಡಲು.